ಅಮಾವಾಸ್ಯೆಯ ಹಿಂದಿನ ದಿನ ಭ್ರೂಣ ವರ್ಗಾವಣೆ: ದಿನಾಂಕ ಮುಂದೂಡಲು ಕೇಳಬೇಕೇ?

ತಿಳಿನೀರು

ಎಲ್ಲರಿಗೂ ನಮಸ್ಕಾರ. ಐವಿಎಫ್ ಚಿಕಿತ್ಸೆಯಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ಅಂಡಾಣು ವೀರ್ಯಾಣು ಸೇರಿಸಿ, ಬೆಳೆಸಿ ಘನೀಕರಿಸಿಟ್ಟಿರುವ ನಮ್ಮ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ವರ್ಗಾವಣೆಗೆ ದಿನ ಗೊತ್ತಾಗಿದೆ. ಮಾತ್ರೆಗಳು ಶುರುವಾಗಿವೆ, ಗರ್ಭಕೋಶದ ಒಳಪದರ ಚೆನ್ನಾಗಿ ಬೆಳೆಯುತ್ತಿದೆ ಎಂದು ಸ್ಕ್ಯಾನ್ ಮಾಡಿದವರು ಹೇಳಿದ್ದಾರೆ. ಅಲ್ಲಿಗೆ ಎಲ್ಲ ಸರಿ. ಮೊನ್ನೆ, ನನ್ನ ಹಾಗೆಯೇ ಚಿಕಿತ್ಸೆಯಲ್ಲಿರುವವರ ಗುಂಪಿನಲ್ಲಿ ಒಬ್ಬರು ಒಂದು ಪಟ್ಟಿ ಹಾಕಿದರು. ಯಾರ ವರ್ಗಾವಣೆ ಯಾವ ದಿನ ನಡೆಯಿತು, ಅಂದು ಚಂದ್ರ ಬೆಳೆಯುತ್ತಿದ್ದನೋ ಕರಗುತ್ತಿದ್ದನೋ, ಗರ್ಭ ನಿಂತಿತೋ ಇಲ್ಲವೋ ಎಂದು. ಬೆಳೆಯುವ ಚಂದ್ರನ ಕಡೆಗೆ ಹಸಿರು ಗುರುತುಗಳೇ ಹೆಚ್ಚು. ನನ್ನದು ಅಮಾವಾಸ್ಯೆಯ ಹಿಂದಿನ ದಿನ.

ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವಳು ನಾನಲ್ಲ. ಆದರೂ ಆ ಪಟ್ಟಿಯನ್ನು ರಾತ್ರಿಯೆಲ್ಲ ತೆರೆದು ತೆರೆದು ನೋಡಿದ್ದೇನೆ. ದಿನಾಂಕವನ್ನು ಎರಡು ವಾರ ಮುಂದೂಡಿ ಎಂದು ವೈದ್ಯರನ್ನು ಕೇಳಬಹುದೇ? ಇದರ ಬಗ್ಗೆ ಯಾರಾದರೂ ನಿಜವಾಗಿ ಅಧ್ಯಯನ ಮಾಡಿದ್ದಾರೆಯೇ? ಸಮಾಧಾನದ ಮಾತು ಬೇಡ, ಗೊತ್ತಿರುವುದನ್ನು ಹೇಳಿ.

ಹೊಂಗಿರಣ

ಕೇಳಿ ನೋಡಿ ತಿಳಿನೀರು ಅವರೇ, ಕೇಳುವುದರಿಂದ ನಷ್ಟವೇನೂ ಇಲ್ಲ. ಋತುಚಕ್ರಕ್ಕೂ ಚಂದ್ರನ ಸುತ್ತಿಗೂ ಹೆಚ್ಚುಕಡಿಮೆ ಒಂದೇ ಅವಧಿ. ಇದು ಬರೀ ಕಾಕತಾಳೀಯ ಎಂದು ಒಪ್ಪಲು ನನ್ನ ಮನಸ್ಸು ತಯಾರಿಲ್ಲ. ಸಮುದ್ರವನ್ನೇ ಎತ್ತಿ ಇಳಿಸುವ ಚಂದ್ರ, ಅರ್ಧಕ್ಕಿಂತ ಹೆಚ್ಚು ನೀರೇ ಆಗಿರುವ ನಮ್ಮ ದೇಹವನ್ನು ಮುಟ್ಟದೇ ಬಿಡುತ್ತಾನೆಯೇ? ನನ್ನ ಮಗಳು ಹುಣ್ಣಿಮೆಯಂದು ನಡೆದ ವರ್ಗಾವಣೆಯಿಂದ ಹುಟ್ಟಿದವಳು. ಅದಕ್ಕೂ ಹಿಂದಿನದು ಕರಗುವ ಚಂದ್ರನ ವಾರದಲ್ಲಿ ನಡೆದಿತ್ತು, ನಿಲ್ಲಲಿಲ್ಲ. ಅನುಭವಿಸಿದವರು ಹೇಳುವುದಕ್ಕೂ ಒಂದು ಬೆಲೆ ಇದೆ.

ಲೆಕ್ಕಿಗ

ಮಗಳ ಸುದ್ದಿ ಕೇಳಿ ಸಂತೋಷವಾಯಿತು ಹೊಂಗಿರಣ ಅವರೇ. ಆದರೆ ನೀವು ಹೇಳಿದ ಎರಡು ಮಾತನ್ನೂ ತಕ್ಕಡಿಗೆ ಹಾಕಲೇಬೇಕು.

ಮೊದಲು ಸಮುದ್ರ. ಭರತ ಇಳಿತ ಉಂಟಾಗುವುದು ನೀರಿಗೆ ಚಂದ್ರನ ಮೇಲೆ ವಿಶೇಷ ಪ್ರೀತಿ ಇರುವುದರಿಂದಲ್ಲ. ಭೂಮಿಯ ಒಂದು ಬದಿ ಚಂದ್ರನಿಗೆ ಹತ್ತಿರ, ಇನ್ನೊಂದು ಬದಿ ಸುಮಾರು 12,700 ಕಿಲೋಮೀಟರ್ ದೂರ. ಈ ಎರಡು ಬದಿಗಳ ಮೇಲಿನ ಸೆಳೆತದಲ್ಲಿ ಇರುವ ವ್ಯತ್ಯಾಸವೇ ಭರತಕ್ಕೆ ಕಾರಣ. ಮನುಷ್ಯನ ದೇಹದ ಒಂದು ತುದಿಗೂ ಇನ್ನೊಂದು ತುದಿಗೂ ಇರುವ ಅಂತರ ಎರಡು ಮೀಟರ್ ಕೂಡ ಇಲ್ಲ. ಅಷ್ಟರಲ್ಲಿ ಆ ಸೆಳೆತ ಎಷ್ಟು ಬದಲಾದೀತು? ದೊಡ್ಡ ಸರೋವರಗಳಲ್ಲೇ ಭರತ ಕಣ್ಣಿಗೆ ಕಾಣುವುದಿಲ್ಲ, ಗರ್ಭಕೋಶದ ಮಾತು ದೂರವೇ ಉಳಿಯಿತು. ಇನ್ನೂ ಒಂದು ವಿಷಯವಿದೆ. ದೊಡ್ಡ ಭರತಗಳು ಹುಣ್ಣಿಮೆಗೂ ಬರುತ್ತವೆ, ಅಮಾವಾಸ್ಯೆಗೂ ಬರುತ್ತವೆ. ಗುರುತ್ವವೇ ಕಾರಣವಾಗಿದ್ದರೆ ಎರಡೂ ದಿನ ಒಂದೇ ಫಲ ಸಿಗಬೇಕಿತ್ತು. ಬೆಳೆಯುವ ಚಂದ್ರ ಒಳ್ಳೆಯವನು, ಕರಗುವ ಚಂದ್ರ ಕೆಟ್ಟವನು ಎಂಬ ನಂಬಿಕೆಗೆ ಸಮುದ್ರ ಸಾಕ್ಷಿ ಹೇಳುವುದಿಲ್ಲ.

ಇನ್ನು ಅವಧಿ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ. ಮೊಬೈಲ್ ಆ್ಯಪ್‌ನಲ್ಲಿ ದಾಖಲಾದ ಆರು ಲಕ್ಷಕ್ಕೂ ಹೆಚ್ಚು ಋತುಚಕ್ರಗಳನ್ನು 2019ರಲ್ಲಿ ಪರಿಶೀಲಿಸಿದಾಗ ಸಿಕ್ಕ ಸರಾಸರಿ 29.3 ದಿನ. ನೋಡಿದಿರಾ ಎಂದು ನೀವು ಹೇಳುವ ಮೊದಲೇ ಹೇಳುತ್ತೇನೆ: ಸರಾಸರಿ ಹತ್ತಿರವಿದ್ದ ಮಾತ್ರಕ್ಕೆ ಎರಡೂ ಕೈಹಿಡಿದು ನಡೆಯುತ್ತಿವೆ ಎಂದಾಗುವುದಿಲ್ಲ. 27 ದಿನದ ಚಕ್ರವಿರುವವರಿಗೆ ಪ್ರತಿ ಸಲ ಎರಡೂವರೆ ದಿನ ಹಿಂದೆ ಸರಿಯುತ್ತದೆ. ಹನ್ನೆರಡು ಚಕ್ರ ಕಳೆಯುವಷ್ಟರಲ್ಲಿ ಅವರ ಮುಟ್ಟು ಚಂದ್ರನ ಎಲ್ಲ ಕಲೆಗಳನ್ನೂ, ಅಂದರೆ ಬೆಳೆಯುವ ಕರಗುವ ಹಂತಗಳನ್ನೂ, ಸುತ್ತಿ ಬಂದಿರುತ್ತದೆ. ಆ ಸುತ್ತಿನಲ್ಲಿ ಒಂದೆರಡು ಸಲ ಹುಣ್ಣಿಮೆಗೆ ತಾಕಲೇಬೇಕು. ನೆನಪಿನಲ್ಲಿ ಉಳಿಯುವುದು ಆ ಒಂದೆರಡು ಸಲವೇ. ಅಂದ ಹಾಗೆ ಹಸುವಿನ ಚಕ್ರ ಸುಮಾರು 21 ದಿನ, ಕುರಿಯದು 17, ಇಲಿಯದು ನಾಲ್ಕೈದು, ಚಿಂಪಾಂಜಿಯದು 36ರ ಆಸುಪಾಸು. ಇವೂ ಇದೇ ಚಂದ್ರನ ಕೆಳಗೇ ಬದುಕುತ್ತಿವೆ.

ಭ್ರೂಣಶಾಲೆಯವಳು

ನಾನು ಐವಿಎಫ್ ಪ್ರಯೋಗಾಲಯದಲ್ಲಿ ಭ್ರೂಣತಜ್ಞೆ. ಈ ಪ್ರಶ್ನೆ ನಮ್ಮ ಬಾಗಿಲಿಗೂ ಬರುತ್ತಿರುತ್ತದೆ, ಸಾಮಾನ್ಯವಾಗಿ ಸಂಕೋಚದಿಂದ, ಹೊರಡುವ ಹೊತ್ತಿಗೆ.

ನನಗೆ ಯಾವಾಗಲೂ ಕಾಡುವುದು ಒಂದೇ ಮರುಪ್ರಶ್ನೆ: ಯಾವ ದಿನದ ಚಂದ್ರ? ತಿಳಿನೀರು ಅವರ ವಿಷಯವನ್ನೇ ತೆಗೆದುಕೊಳ್ಳೋಣ. ಆ ಭ್ರೂಣಕ್ಕೆ ಕಾರಣವಾದ ಅಂಡಾಣು ಅವರು ಹುಟ್ಟುವ ಮೊದಲೇ ಅವರ ಅಂಡಾಶಯದಲ್ಲಿತ್ತು. ಪಕ್ವವಾಗುವ ದಾರಿಯ ಕೊನೆಯ ಹಂತಗಳಿಗೇ ಹಲವು ತಿಂಗಳು ಬೇಕು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ. ಆಮೇಲೆ ಅಂಡಾಣು ಸಂಗ್ರಹಿಸಿದ ದಿನ ಒಂದು, ನಿಷೇಚನವಾದ ದಿನ ಒಂದು, ಬ್ಲಾಸ್ಟೊಸಿಸ್ಟ್ (ಐದಾರು ದಿನ ಬೆಳೆದ ಭ್ರೂಣ) ಆದ ದಿನ ಮತ್ತೊಂದು. ಅದರ ನಂತರ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿದ್ದ ತಿಂಗಳುಗಳು. ಅಲ್ಲಿ ಎಷ್ಟು ಹುಣ್ಣಿಮೆ ಬಂದು ಹೋದರೂ ಒಂದು ಕೋಶವೂ ಅಲುಗಾಡುವುದಿಲ್ಲ. ಕರಗಿಸಿ ಗರ್ಭಕೋಶಕ್ಕೆ ಬಿಟ್ಟ ದಿನ ಅದು ಅಂಟಿಕೊಳ್ಳುವುದೂ ಇಲ್ಲ, ಅದಕ್ಕೆ ಇನ್ನೂ ಒಂದೆರಡು ದಿನ ಹಿಡಿಯುತ್ತದೆ. ಇಷ್ಟು ದಿನಗಳಲ್ಲಿ ವರ್ಗಾವಣೆಯ ದಿನದ ಚಂದ್ರನನ್ನೇ ಆರಿಸಿದ್ದು ಯಾರು? ಅದು ನಮ್ಮ ದಿನಚರಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುವ ದಿನ, ಅಷ್ಟೇ.

ತಾಜಾ ಚಕ್ರದಲ್ಲಂತೂ, ಅಂದರೆ ಘನೀಕರಿಸದೆ ಅದೇ ಚಕ್ರದಲ್ಲಿ ಭ್ರೂಣ ವರ್ಗಾಯಿಸುವಾಗ, ಆಯ್ಕೆಯೇ ಇಲ್ಲ. ಅಂಡಾಣು ಬೆಳೆಯುವ ಪುಟ್ಟ ಚೀಲಗಳಾದ ಕೋಶಕಗಳು ಬೇಕಾದ ಗಾತ್ರಕ್ಕೆ ಬಂದ ಮೇಲೆ, ಅಂಡಾಣು ಪೂರ್ತಿ ಪಕ್ವವಾಗಲು ಟ್ರಿಗರ್ ಇಂಜೆಕ್ಷನ್ ಕೊಡುತ್ತಾರೆ. ಅಲ್ಲಿಂದ 34ರಿಂದ 36 ಗಂಟೆಯೊಳಗೆ ಅಂಡಾಣು ತೆಗೆಯಬೇಕು. ತಡವಾದರೆ ಅವು ಬಿಡುಗಡೆಯಾಗಿ ಕೈಗೆ ಸಿಗುವುದಿಲ್ಲ. ಚಂದ್ರ ಬೆಳೆಯಲಿ ಎಂದು ಕಾಯುತ್ತಾ ಕುಳಿತರೆ ಆ ಚಕ್ರವೇ ಕೈತಪ್ಪುತ್ತದೆ.

ಬೆಳಕಿನ ಮಾತು ಯಾರೂ ಎತ್ತಿಲ್ಲ, ನಾನೇ ಎತ್ತುತ್ತೇನೆ. ಪ್ರಯೋಗಾಲಯದಲ್ಲಿ ಕಿಟಕಿ ಇರುವುದಿಲ್ಲ, ಇದ್ದರೂ ಮುಚ್ಚಿರುತ್ತೇವೆ. ಭ್ರೂಣಗಳು ಇರುವುದು 37 ಡಿಗ್ರಿಯ ಕತ್ತಲೆಯ ಇನ್‌ಕ್ಯುಬೇಟರಿನಲ್ಲಿ. ತಟ್ಟೆಯನ್ನು ಹೊರತೆಗೆದಾಗ ಬೀಳುವ ಸೂಕ್ಷ್ಮದರ್ಶಕದ ಬೆಳಕಿನ ಮುಂದೆ ಹುಣ್ಣಿಮೆಯ ಬೆಳಕು ಲೆಕ್ಕಕ್ಕೇ ಬರುವುದಿಲ್ಲ. ತುಂಬು ಚಂದ್ರನ ಬೆಳಕು ನೆಲಕ್ಕೆ ತಲುಪುವಾಗ, ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ ಹೇಳುವುದಾದರೆ, ಒಂದು ಲಕ್ಸ್‌ನ ಮೂರನೇ ಒಂದು ಭಾಗವೂ ಇರುವುದಿಲ್ಲ. ಮನೆಯ ಸಾಧಾರಣ ದೀಪದ ಕೆಳಗೆ ಬೆಳಕು ನೂರು ಲಕ್ಸ್ ದಾಟುತ್ತದೆ.

ಹೊಂಗಿರಣ

ಪ್ರಯೋಗಾಲಯದ ಒಳಗೆ ಚಂದ್ರನಿಲ್ಲ, ಒಪ್ಪಿದೆ. ಆದರೆ ಗರ್ಭಕೋಶ ಇರುವುದು ಪ್ರಯೋಗಾಲಯದಲ್ಲಲ್ಲವಲ್ಲ. ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳಗಳು ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಒಟ್ಟಿಗೆ ಅಂಡ ಬಿಡುತ್ತವೆ. ಕ್ಯಾಲಿಫೋರ್ನಿಯಾದ ಗ್ರುನಿಯನ್ ಮೀನುಗಳು ಹುಣ್ಣಿಮೆ ಅಮಾವಾಸ್ಯೆಗಳ ಬೆನ್ನಿಗೇ ದಡಕ್ಕೆ ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಇದು ಮೂಢನಂಬಿಕೆಯಲ್ಲ, ವಿಜ್ಞಾನ. ಹೆಂಗಸರ ಮುಟ್ಟು ಚಂದ್ರನೊಂದಿಗೆ ಹೊಂದಿಕೊಳ್ಳುತ್ತದೆ ಎಂದು 2021ರಲ್ಲಿ ಒಂದು ಸಂಶೋಧನೆಯೂ ಬಂತು. ಲೆಕ್ಕಿಗರು ಅದನ್ನು ಏಕೆ ಬಿಟ್ಟರು?

ಲೆಕ್ಕಿಗ

ಬಿಟ್ಟಿಲ್ಲ, ಸರದಿಗೆ ಕಾಯುತ್ತಿದ್ದೆ.

ಹವಳ, ಗ್ರುನಿಯನ್ ಎರಡೂ ನಿಜ, ಒಳ್ಳೆಯ ಉದಾಹರಣೆಗಳೂ ಹೌದು. ಆದರೆ ಅವಕ್ಕೆ ಚಂದ್ರ ಏಕೆ ಬೇಕು ಎಂದು ನೋಡಿ. ಹವಳಕ್ಕೆ ನಡೆದು ಹೋಗಿ ಜೊತೆಗಾರನನ್ನು ಹುಡುಕಲು ಕಾಲಿಲ್ಲ. ಎಲ್ಲವೂ ಒಂದೇ ರಾತ್ರಿ ನೀರಿಗೆ ಬಿಟ್ಟರೆ ಮಾತ್ರ ಅಂಡ, ವೀರ್ಯ ಸಂಧಿಸುತ್ತವೆ. ಗ್ರುನಿಯನ್‌ಗೆ ಎತ್ತರದ ಭರತ ಬೇಕು, ಮುಂದಿನ ದೊಡ್ಡ ಭರತದವರೆಗೆ ಮೊಟ್ಟೆಗಳು ಮರಳಿನಲ್ಲಿ ಸುರಕ್ಷಿತವಾಗಿ ಇರಲಿ ಎಂದು. ನಮಗೆ ಈ ಎರಡು ಅಗತ್ಯಗಳಲ್ಲಿ ಒಂದೂ ಇಲ್ಲ.

2021ರ ಅಧ್ಯಯನ ನಾನು ಓದಿದ್ದೇನೆ, ಶ್ರದ್ಧೆಯಿಂದ ಮಾಡಿದ ಕೆಲಸ. 22 ಮಹಿಳೆಯರು ವರ್ಷಗಟ್ಟಲೆ, ಕೆಲವರು 32 ವರ್ಷಗಳವರೆಗೆ, ಬರೆದಿಟ್ಟ ಮುಟ್ಟಿನ ದಿನಾಂಕಗಳನ್ನು ಅದರಲ್ಲಿ ನೋಡಿದ್ದಾರೆ. ಕೆಲವರ ಚಕ್ರ ಕೆಲವು ಅವಧಿಗಳಲ್ಲಿ ಚಂದ್ರನೊಂದಿಗೆ ಹೆಜ್ಜೆ ಹಾಕಿ ಮತ್ತೆ ತಪ್ಪಿಸಿಕೊಂಡಿದೆ. 35 ವರ್ಷದೊಳಗಿನವರಲ್ಲೂ ಈ ಹೊಂದಾಣಿಕೆ ಕಂಡದ್ದು ಒಟ್ಟು ಕಾಲದ ಕಾಲುಭಾಗಕ್ಕಿಂತ ಕಡಿಮೆ. ಅದು ಮುಟ್ಟಿನ ದಿನಾಂಕದ ಅಧ್ಯಯನ, ಗರ್ಭ ನಿಲ್ಲುವುದರದ್ದಲ್ಲ. ಔಷಧ ಕೊಟ್ಟು ಚಕ್ರವನ್ನೇ ವೈದ್ಯರು ನಡೆಸುವ ಚಿಕಿತ್ಸೆಗೆ ಅದನ್ನು ಹೇಗೆ ಅನ್ವಯಿಸುತ್ತೀರಿ? ಚಂದ್ರನೊಂದಿಗೆ ಹೊಂದಿಕೊಳ್ಳಬಹುದಾಗಿದ್ದ ಸ್ವಂತ ಲಯವನ್ನು ಮಾತ್ರೆ, ಇಂಜೆಕ್ಷನ್‌ಗಳು ಮೊದಲೇ ಬದಿಗೆ ಸರಿಸಿರುತ್ತವೆ.

ತಿಳಿನೀರು ಅವರು ಕೇಳಿದ್ದಕ್ಕೆ ನೇರ ಉತ್ತರ: ಹೌದು, ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಅಧ್ಯಯನ ನಡೆದಿದೆ. ಚಂದ್ರನ ಕಲೆಗಳು ಐವಿಎಫ್‌ನಂಥ ಚಿಕಿತ್ಸೆಯ ಗರ್ಭಧಾರಣೆ ಪ್ರಮಾಣವನ್ನು ಬದಲಿಸುತ್ತವೆಯೇ ಎಂದು ಕೇಳಿದ ಪ್ರಬಂಧ 2005ರಲ್ಲಿ ಪ್ರಕಟವಾಯಿತು. ಸಿಕ್ಕ ಉತ್ತರ, ಇಲ್ಲ. ಅದೇ ವರ್ಷ ಅಮೆರಿಕದ ನಾರ್ತ್ ಕೆರೊಲಿನಾದ 1997ರಿಂದ 2001ರವರೆಗಿನ 5,64,039 ಹೆರಿಗೆಗಳನ್ನು 62 ಚಾಂದ್ರಚಕ್ರಗಳ ಮೇಲೆ ಹರಡಿ ನೋಡಿದವರಿಗೂ ಹುಣ್ಣಿಮೆಯಂದು ಹೆಚ್ಚು ಮಕ್ಕಳು ಹುಟ್ಟಿದ್ದು ಕಾಣಲಿಲ್ಲ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವರನ್ನು ಕೇಳಿ, ಹುಣ್ಣಿಮೆಯ ರಾತ್ರಿ ಉಸಿರಾಡಲು ಬಿಡುವಿರುವುದಿಲ್ಲ ಎಂದು ಅನೇಕರು ಆಣೆ ಮಾಡಿ ಹೇಳುತ್ತಾರೆ. ಅಂಕಿಗಳು ಆಣೆಗೆ ಮಣಿಯುವುದಿಲ್ಲ.

ಆ ಪಟ್ಟಿಯ ಬಗ್ಗೆಯೂ ಒಂದು ಮಾತು. ಚಂದ್ರನನ್ನು ಎಂಟು ಕಲೆಗಳಾಗಿ ವಿಂಗಡಿಸಿ, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ, ಚಂದ್ರನಿಗೆ ಯಾವ ಪ್ರಭಾವವೂ ಇಲ್ಲದಿದ್ದರೂ ಒಂದಾದರೂ ಕಲೆ ‘ಗಮನಾರ್ಹ’, ಅಂದರೆ ಬರೀ ಆಕಸ್ಮಿಕವಲ್ಲ, ಎಂದು ತೋರುವ ಸಾಧ್ಯತೆ ಮೂರರಲ್ಲಿ ಒಂದು. ಮೇಲಾಗಿ ಗುಂಪಿನಲ್ಲಿ ಗರ್ಭ ನಿಂತವರು ಸಂಭ್ರಮದಿಂದ ದಿನಾಂಕ ಬರೆಯುತ್ತಾರೆ, ನಿಲ್ಲದವರು ಸುಮ್ಮನೆ ಗುಂಪು ಬಿಟ್ಟು ಹೋಗುತ್ತಾರೆ. ಖಾಲಿ ಉಳಿದ ಸಾಲುಗಳು ಯಾವ ಪಕ್ಷಕ್ಕೆ ಸೇರಿದವು ಎಂದು ಪಟ್ಟಿ ಮಾಡಿದವರಿಗೂ ತಿಳಿದಿರುವುದಿಲ್ಲ.

ಕಾಯುತ್ತಿರುವವನು

ಗಂಡಸರೂ ಇಲ್ಲಿ ಬರೆಯಬಹುದು ಎಂದುಕೊಂಡಿದ್ದೇನೆ. ನಾನು ಮತ್ತು ನನ್ನ ಹೆಂಡತಿ ಇದೇ ಪ್ರಶ್ನೆಯನ್ನು ವೈದ್ಯರ ಮುಂದೆ ಇಟ್ಟೆವು. ಅವರು ಕಡತದಿಂದ ತಲೆ ಎತ್ತದೆ ನಕ್ಕುಬಿಟ್ಟರು. ಅಷ್ಟೇ. ಮನೆಗೆ ಬರುವ ದಾರಿಯಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಆಮೇಲೆ ಮಾತ್ರೆಯ ಅಡ್ಡ ಪರಿಣಾಮ ಕಾಣಿಸಿಕೊಂಡಾಗಲೂ ಅವರನ್ನು ಕೇಳಲು ಹಿಂಜರಿದಳು. ಲೆಕ್ಕಿಗರ ಉತ್ತರ ಸರಿಯಿರಬಹುದು, ಆ ನಗು ಮಾತ್ರ ಸರಿಯಲ್ಲ. ಇಷ್ಟು ಹಣ, ಇಷ್ಟು ಸೂಜಿ, ಇಷ್ಟು ಕಾಯುವಿಕೆ. ಇದರಲ್ಲಿ ನಮ್ಮ ಕೈಯಲ್ಲಿರುವುದು ಏನೂ ಇಲ್ಲ ಎಂಬಂತಾದಾಗ ಮನುಷ್ಯ ಆಕಾಶ ನೋಡುವುದು ವಿಚಿತ್ರವೇನಲ್ಲ.

ಸಂಜೆಮಲ್ಲಿಗೆ

ಕಾಯುತ್ತಿರುವವರೇ, ನಿಮ್ಮ ಮಾತು ಮನಸ್ಸಿಗೆ ತಾಕಿತು. ಕೆಲವರು ಇದೇ ದೌರ್ಬಲ್ಯವನ್ನು ನೆಚ್ಚಿಕೊಂಡು ‘ಚಾಂದ್ರ ಫಲವಂತಿಕೆ ಕ್ಯಾಲೆಂಡರ್’ ಮಾರುತ್ತಾರೆ ಎಂಬುದೂ ಗೊತ್ತಿರಲಿ. ಅದರ ಮೂಲ ಯೂಜೆನ್ ಜೋನಾಸ್ ಎಂಬ ಮನೋವೈದ್ಯ. 1950ರ ದಶಕದಲ್ಲಿ ಅಂದಿನ ಚೆಕೊಸ್ಲೊವಾಕಿಯಾದಲ್ಲಿ ಆತ ಒಂದು ಸಿದ್ಧಾಂತ ಕಟ್ಟಿದ. ಹೆಣ್ಣು ಹುಟ್ಟಿದಾಗ ಸೂರ್ಯ ಚಂದ್ರರ ನಡುವೆ ಇದ್ದ ಕೋನವೇ ಮತ್ತೆ ಬಂದಾಗ ಅವಳು ಫಲವತಿಯಾಗುತ್ತಾಳೆ, ಅಂಡೋತ್ಸರ್ಗದ ದಿನ ಯಾವುದೇ ಇರಲಿ ಎಂದು. ಮಗು ಗಂಡೋ ಹೆಣ್ಣೋ ಎಂಬುದನ್ನೂ ಚಂದ್ರನಿರುವ ರಾಶಿಯಿಂದ ಹೇಳಬಹುದು ಎಂದ. ಇವತ್ತು ಚಂದದ ಆ್ಯಪ್ ಆಗಿ ಬರುವುದು ಬಹುಪಾಲು ಇದೇ ಹಳೆಯ ಸರಕು. ಹುಟ್ಟಿದ ಗಂಟೆ ಕೇಳುವ ಯಾವ ಫಲವಂತಿಕೆ ಆ್ಯಪ್ ಕಂಡರೂ ಹಣ ಕಟ್ಟುವ ಮೊದಲು ಇಲ್ಲಿ ಬಂದು ಕೇಳಿ.

ಭ್ರೂಣಶಾಲೆಯವಳು

ನಕ್ಕ ವೈದ್ಯರ ಪರವಾಗಿ ನಾನು ಏನೂ ಹೇಳಲಾರೆ. ಆ ಪ್ರಶ್ನೆಗೆ ಎರಡು ನಿಮಿಷ ಕೊಟ್ಟಿದ್ದರೆ ಸಾಕಿತ್ತು.

ಚಂದ್ರನ ಮಾತು ಬಿಡಿ, ನೋಡಲು ಎಷ್ಟೋ ಹೆಚ್ಚು ನಂಬಲರ್ಹವಾಗಿದ್ದ ಉಪಾಯಗಳೇ ಪರೀಕ್ಷೆಯಲ್ಲಿ ಬಿದ್ದಿವೆ. ವರ್ಗಾವಣೆಗೆ ಮೊದಲು ಗರ್ಭಕೋಶದ ಒಳಪದರವನ್ನು ಸಣ್ಣ ಕೊಳವೆಯಿಂದ ಕೆರೆದರೆ ಭ್ರೂಣ ಚೆನ್ನಾಗಿ ಅಂಟುತ್ತದೆ ಎಂದು ವರ್ಷಗಟ್ಟಲೆ ಮಾಡಿದರು. ಗಾಯ ಮಾಯುವಾಗ ಹೊಮ್ಮುವ ರಾಸಾಯನಿಕಗಳು ಸಹಾಯ ಮಾಡುತ್ತವೆ ಎಂಬ ವಿವರಣೆಯೂ ಇತ್ತು. 2019ರಲ್ಲಿ 1,364 ಮಹಿಳೆಯರ ಮೇಲಿನ ಪ್ರಯೋಗದ ಫಲಿತಾಂಶ ಬಂತು. ಕೆರೆದವರಲ್ಲೂ ಜೀವಂತ ಜನನ ಶೇಕಡಾ 26.1, ಕೆರೆಯದವರಲ್ಲೂ ಶೇಕಡಾ 26.1. ವರ್ಗಾವಣೆಯ ಬಳಿಕ ಅಲುಗಾಡದೆ ಮಲಗಬೇಕು ಎಂಬುದರಿಂದಲೂ ಲಾಭ ಕಂಡುಬಂದಿಲ್ಲ.

ಆಕಾಶದ ಕಡೆಯಿಂದ ಒಂದೇ ಒಂದು ಕುತೂಹಲದ ಸುದ್ದಿ ಇದೆ, ಅದೂ ಸೂರ್ಯನ ಕಡೆಯಿಂದ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 2013ರಿಂದ 2021ರವರೆಗಿನ ಘನೀಕೃತ ಭ್ರೂಣ ವರ್ಗಾವಣೆಗಳನ್ನು ನೋಡಿದಾಗ, ಬೇಸಿಗೆಯಲ್ಲಿ ಸಂಗ್ರಹಿಸಿದ ಅಂಡಾಣುಗಳಿಂದ ಆದ ಭ್ರೂಣಗಳಲ್ಲಿ ಜೀವಂತ ಜನನದ ಸಾಧ್ಯತೆ ಶರತ್ಕಾಲದವುಗಳಿಗಿಂತ ಸುಮಾರು ಶೇಕಡಾ 30 ಹೆಚ್ಚಿತ್ತು. 2023ರಲ್ಲಿ ಪ್ರಕಟವಾದದ್ದು. ಅದೂ ಹಳೆಯ ದಾಖಲೆಗಳನ್ನು ಹಿಂತಿರುಗಿ ನೋಡಿದ ಅಧ್ಯಯನ, ಕಾರಣ ಇನ್ನೂ ಸಾಬೀತಾಗಿಲ್ಲ. ಅದನ್ನು ನಂಬಿ ಬೇಸಿಗೆಗೆ ಕಾಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಏಕೆಂದರೆ ಎಲ್ಲಕ್ಕಿಂತ ದೊಡ್ಡ ಲೆಕ್ಕ ವಯಸ್ಸಿನದು. ಬ್ರಿಟನ್ನಿನಲ್ಲಿ ಇಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ ಸಂಸ್ಥೆಯ 2019ರ ಅಂಕಿಗಳಲ್ಲಿ, ವರ್ಗಾಯಿಸಿದ ಪ್ರತಿ ಭ್ರೂಣಕ್ಕೆ ಜನನ ಪ್ರಮಾಣ 35ರೊಳಗಿನವರಲ್ಲಿ ಶೇಕಡಾ 32, ಸ್ವಂತ ಅಂಡಾಣು ಬಳಸಿದ 43 ದಾಟಿದವರಲ್ಲಿ ಶೇಕಡಾ 5ಕ್ಕಿಂತ ಕಡಿಮೆ. ನಿಲ್ಲದ ಬಹಳಷ್ಟು ಭ್ರೂಣಗಳಲ್ಲಿ ವರ್ಣತಂತುಗಳ ಸಂಖ್ಯೆಯೇ ತಪ್ಪಿರುತ್ತದೆ. ಅದು ವರ್ಗಾವಣೆಯ ದಿನಕ್ಕೆ ಬಹಳ ಮೊದಲೇ ನಿರ್ಧಾರವಾಗಿರುತ್ತದೆ. ತಿಳಿನೀರು ಅವರ ಭ್ರೂಣ ಈಗಾಗಲೇ ಘನೀಕೃತವಾಗಿರುವುದರಿಂದ ಅದಕ್ಕೆ ವಯಸ್ಸಾಗುವುದಿಲ್ಲ, ನಿಜ. ಆದರೆ ಇನ್ನೂ ಅಂಡಾಣು ಸಂಗ್ರಹವೇ ಆಗದವರು ಶುಭ ಪಕ್ಷ ನೋಡುತ್ತಾ ತಿಂಗಳುಗಳನ್ನು ಕಳೆದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ.

ಹೊಂಗಿರಣ

ಹುಣ್ಣಿಮೆಯ ಆಸುಪಾಸಿನಲ್ಲಿ ನಿದ್ದೆ ಕೆಡುತ್ತದೆ ಎಂಬುದಾದರೂ ನಿಜವೇ? ನನಗಂತೂ ಕೆಡುತ್ತದೆ.

ಲೆಕ್ಕಿಗ

ಅದರಲ್ಲಿ ಸ್ವಲ್ಪ ಹುರುಳಿರಬಹುದು. 2013ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರಿಗೆ 33 ಜನರಲ್ಲಿ ಹುಣ್ಣಿಮೆಯ ಹೊತ್ತಿಗೆ ಗಾಢ ನಿದ್ದೆ ಕಡಿಮೆಯಾದದ್ದು ಕಂಡಿತು. ಮರುವರ್ಷ ಹೆಚ್ಚು ಜನರನ್ನು ನೋಡಿದ ಜರ್ಮನಿಯ ಇನ್ನೊಂದು ತಂಡಕ್ಕೆ ಕಾಣಲಿಲ್ಲ. 2021ರಲ್ಲಿ ಅರ್ಜೆಂಟೀನಾದ ಮೂಲನಿವಾಸಿಗಳಾದ ತೋಬಾ ಸಮುದಾಯಗಳಲ್ಲೂ ಸಿಯಾಟಲ್‌ನ ವಿದ್ಯಾರ್ಥಿಗಳಲ್ಲೂ ಹುಣ್ಣಿಮೆಗೆ ಮುಂಚಿನ ರಾತ್ರಿಗಳಲ್ಲಿ ಜನ ತಡವಾಗಿ ಮಲಗಿದ್ದು ಕಂಡಿತು. ನಿಮ್ಮ ನಿದ್ದೆಗೆ ಚಂದ್ರನನ್ನು ದೂರುವ ಹಕ್ಕು ನಿಮಗಿದೆ. ಅಲ್ಲಿಂದ ಗರ್ಭಕೋಶಕ್ಕೆ ಯಾರೂ ಸೇತುವೆ ಕಟ್ಟಿ ತೋರಿಸಿಲ್ಲ.

ತಿಳಿನೀರು

ಎಲ್ಲರಿಗೂ ಕೃತಜ್ಞತೆಗಳು. ‘ಯಾವ ದಿನದ ಚಂದ್ರ’ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಭ್ರೂಣ ಆದ ದಿನ ಚಂದ್ರ ಎಲ್ಲಿದ್ದ ಎಂದು ನೋಡಲು ಹೊರಟು, ಅದರಿಂದ ಏನು ತಿಳಿದಂತಾಯಿತು ಎಂದು ಕೈಬಿಟ್ಟೆ. ಆ ಗುಂಪಿನ ಪಟ್ಟಿಯಲ್ಲಿ ಫಲಿತಾಂಶ ಬರೆಯದೇ ಬಿಟ್ಟ ಹೆಸರುಗಳನ್ನೂ ಎಣಿಸಿ ನೋಡಿದೆ. ಬರೆದವರಿಗಿಂತ ಅವರೇ ಹೆಚ್ಚು. ದಿನಾಂಕ ಇದ್ದಂತೆಯೇ ಇರಲಿ. ಒಳಪದರವನ್ನು ಸಿದ್ಧಗೊಳಿಸುವ ಹಾರ್ಮೋನು ಪ್ರೊಜೆಸ್ಟೆರಾನ್ ನಾಳೆ ಸಂಜೆಯಿಂದ ಶುರು. ಅದಕ್ಕೆ ಮಾತ್ರ ಗಂಟೆ ಇಷ್ಟೇ ಎಂದು ಗಟ್ಟಿಯಾಗಿ ಹೇಳಿದ್ದಾರೆ. ಅದೇಕೆ ಅಷ್ಟು ಕಟ್ಟುನಿಟ್ಟು?

ಭ್ರೂಣಶಾಲೆಯವಳು

ಈ ಇಡೀ ಚರ್ಚೆಯಲ್ಲಿ ಸಮಯಕ್ಕೆ ನಿಜವಾಗಿ ಬೆಲೆ ಇರುವುದು ಅಲ್ಲೇ. ಒಳಪದರ ಭ್ರೂಣವನ್ನು ಸ್ವೀಕರಿಸುವ ಸ್ಥಿತಿಗೆ ಬರುವುದು ಪ್ರೊಜೆಸ್ಟೆರಾನ್ ಶುರುವಾದ ಕ್ಷಣದಿಂದ ಲೆಕ್ಕ ಹಾಕಿ. ಐದನೇ ದಿನದ ಬ್ಲಾಸ್ಟೊಸಿಸ್ಟ್ ಆದರೆ ಸಾಮಾನ್ಯವಾಗಿ ಐದು ಪೂರ್ಣ ದಿನ ಕಳೆದ ಮೇಲೆ ವರ್ಗಾವಣೆ. ಭ್ರೂಣದ ವಯಸ್ಸು, ಒಳಪದರದ ವಯಸ್ಸು ಎರಡೂ ಸರಿಹೊಂದಬೇಕು. ಆದ್ದರಿಂದ ಮೊಬೈಲ್‌ನಲ್ಲಿ ಅಲಾರಾಂ ಇಟ್ಟುಕೊಳ್ಳಿ, ಮೊದಲ ಸಲ ತೆಗೆದುಕೊಂಡ ಗಂಟೆಯನ್ನು ಬರೆದಿಡಿ. ಒಂದು ವೇಳೆ ತಪ್ಪಿದರೆ ನೀವೇ ಮುಂದಿನದನ್ನು ದುಪ್ಪಟ್ಟು ಮಾಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆ ಮಾಡಿ.

ವರ್ಗಾವಣೆಯ ದಿನ ಮೂತ್ರಕೋಶ ಸಾಕಷ್ಟು ತುಂಬಿರಲಿ ಎಂದು ಹೇಳಿರುತ್ತಾರೆ, ಸ್ಕ್ಯಾನ್‌ನಲ್ಲಿ ಗರ್ಭಕೋಶ ಸ್ಪಷ್ಟವಾಗಿ ಕಾಣಲು ಅದು ಬೇಕು. ಕೊಳವೆಯ ತುದಿಯಿಂದ ಒಂದು ಬಿಳಿಯ ಚುಕ್ಕೆ ಜಾರುವುದು ಪರದೆಯಲ್ಲಿ ನಿಮಗೂ ಕಾಣಬಹುದು. ಅದು ಭ್ರೂಣದ ಜೊತೆಗಿರುವ ಗಾಳಿಗುಳ್ಳೆ, ಭ್ರೂಣ ಅಷ್ಟು ದೊಡ್ಡದಲ್ಲ. ಆಮೇಲೆ ಆ ಕೊಳವೆಯನ್ನು ನಮ್ಮಂಥವರು ಸೂಕ್ಷ್ಮದರ್ಶಕದ ಕೆಳಗೆ ತೊಳೆದು ಪರೀಕ್ಷಿಸುತ್ತೇವೆ, ಭ್ರೂಣ ಒಳಗೇ ಅಂಟಿಕೊಂಡು ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಲು. ಆ ಒಂದೆರಡು ನಿಮಿಷ ಯಾರೂ ನಿಮ್ಮನ್ನು ಏಳಲು ಬಿಡುವುದಿಲ್ಲ. ಏನೋ ತಪ್ಪಾಯಿತು ಎಂದು ಹೆದರಬೇಡಿ.